ಕೊಡ ಹೊತ್ತವರಿಗೆ ಚೀಟಿ ಯಾವ ಸಾಲಿನಲ್ಲಿ?

2021ರ ನವೆಂಬರ್ 9ರಂದು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪಡೆಯಲು ಎದ್ದುಹೋದ ಜೋಗತಿ ಕುಣಿತದ ಕಲಾವಿದೆ ಮಾತಾ ಬಿ. ಮಂಜಮ್ಮ ಜೋಗತಿ ಪ್ರಶಸ್ತಿಗೆ ಕೈ ಚಾಚುವ ಮೊದಲು ಸೆರಗಿನ ತುದಿ ಹಿಡಿದು ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರ ದೃಷ್ಟಿ ತೆಗೆದರು. ದೇಶವೆಲ್ಲ ಆ ವಿಡಿಯೊ ನೋಡಿ ಬೆರಗಾಯಿತು. ನಮ್ಮ ಕಡೆಯವರಿಗೆ ಅದರಲ್ಲಿ ಹೊಸದೇನೂ ಇರಲಿಲ್ಲ. ಹೊಸಪೇಟೆಯಿಂದ ಹರಪನಹಳ್ಳಿಯವರೆಗೆ ಯಾವ ಊರಲ್ಲೇ ಆಗಲಿ, ಮಂಗಳವಾರ, ಶುಕ್ರವಾರ ಪಡಲಗಿ ಹಿಡಿದು ಬಾಗಿಲಿಗೆ ಬರುವ ಜೋಗಮ್ಮನ ಮುಂದೆ ತಾಯಂದಿರು ಕೂಸನ್ನು ಹಿಡಿಯುತ್ತಾರೆ, ಹಣೆಗೆ ಭಂಡಾರ ಹಚ್ಚಿಸಿಕೊಳ್ಳುತ್ತಾರೆ. ಕೂಸಿಗೆ ಜ್ವರ, ಸೊಸೆಗೆ ಬಸಿರು ನಿಲ್ಲದು, ಎಮ್ಮೆ ಹಾಲು ಕೊಡದು, ಎಲ್ಲಕ್ಕೂ ಅವಳ ಕೈಯ ಭಂಡಾರ ಬೇಕು.

ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವ ಅದೇ ಜೋಗಮ್ಮನಿಗೆ ಜ್ವರ ಬಂದರೆ ಎಲ್ಲಿಗೆ ಹೋಗಬೇಕು? ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಈ ಲೇಖನ ಆ ಪ್ರಶ್ನೆಯನ್ನು ಪರಿಶೀಲಿಸುತ್ತದೆ. ಕಾನೂನಿದೆ, ಯೋಜನೆಗಳಿವೆ, ಸಾಲದಿದ್ದರೂ ಆಸ್ಪತ್ರೆಗಳೂ ಇವೆ. ಇವುಗಳಿಗೂ ರೋಗಿಗೂ ನಡುವೆ ಕೊಂಡಿ ಕಳಚುವುದು ಎಲ್ಲಿ ಎಂಬುದನ್ನು ನೋಡಬೇಕು.

ಪಶ್ಚಿಮ ತಾಲ್ಲೂಕುಗಳು

ಹಳೆಯ ಬಳ್ಳಾರಿ ಜಿಲ್ಲೆಯಲ್ಲಿ ಈ ಭಾಗಕ್ಕೆ ‘ಪಶ್ಚಿಮ ತಾಲ್ಲೂಕುಗಳು’ ಎಂದೇ ಹೆಸರು. ಗಣಿಯ ದುಡ್ಡು, ದೊಡ್ಡಾಸ್ಪತ್ರೆ, ಜಿಲ್ಲಾ ಕಚೇರಿ ಎಲ್ಲ ಪೂರ್ವಕ್ಕೆ, ಮಳೆ ನಂಬಿದ ಹೊಲ ಪಶ್ಚಿಮಕ್ಕೆ ಎಂಬ ಕೊರಗು ಆ ಹೆಸರಿನಲ್ಲೇ ಇತ್ತು. 2021ರ ಫೆಬ್ರುವರಿಯಲ್ಲಿ ವಿಜಯನಗರ ರಾಜ್ಯದ 31ನೇ ಜಿಲ್ಲೆಯಾಗಿ, ಹೊಸಪೇಟೆ ಅದರ ಕೇಂದ್ರವಾಯಿತು. ಹರಪನಹಳ್ಳಿಯ ಕತೆ ಇನ್ನೂ ಉದ್ದ. 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಅಲ್ಲಿನ ಒಬ್ಬರ ಕಾಗದಪತ್ರಗಳಲ್ಲಿ ಮೂರು ಜಿಲ್ಲೆಗಳ ಮೊಹರು ಇರಬಹುದು. ಹೆಸರು ಮತ್ತು ಲಿಂಗ ತಿದ್ದಿಸಲು ಅಲೆಯುವವರಿಗೆ ಈ ಮೂರು ಮೊಹರು ಮೂರು ತೊಡಕು.

ಜಾತ್ರೆಗಳ ಲೆಕ್ಕದಲ್ಲಿ ಮಾತ್ರ ಈ ನಾಡು ಬಡವಲ್ಲ. ಕೊಟ್ಟೂರಿನ ಗುರು ಕೊಟ್ಟೂರೇಶ್ವರನ ತೇರು, ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕ, ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಭರತ ಹುಣ್ಣಿಮೆ ಎಲ್ಲ ಇಲ್ಲಿಯವೇ. ತುಂಗಭದ್ರೆಯ ಆಚೆ ದಡದಲ್ಲಿ ಹುಲಿಗೆಮ್ಮ, ಇನ್ನೂ ದೂರಕ್ಕೆ ಸವದತ್ತಿಯ ಎಲ್ಲಮ್ಮ. ಹೆಣ್ಣಾಗಿ ಬಾಳಲು ಹೊರಟ ಗಂಡುಹುಟ್ಟಿನವರಿಗೆ ಈ ದೇವತೆಗಳ ಅಂಗಳದಲ್ಲಿ ಒಂದು ಜಾಗವಿತ್ತು, ಒಂದು ಹೆಸರೂ ಇತ್ತು: ಜೋಗಪ್ಪ, ಜೋಗತಿ, ಜೋಗಮ್ಮ. ಇಂದು ಅದೇ ಊರುಗಳಲ್ಲಿ ಹಿಜ್ರಾ ಜಮಾತಿಗೆ ಸೇರಿದವರೂ ಇದ್ದಾರೆ, ಯಾವ ದೇವಿಗೂ ಯಾವ ಗುರುವಿಗೂ ಸೇರದೆ ತಮ್ಮಷ್ಟಕ್ಕೆ ಬದುಕುವವರೂ ಇದ್ದಾರೆ. ಪತ್ರಿಕೆಗಳು ಮಂಗಳಮುಖಿ ಎನ್ನುತ್ತವೆ, ಸರ್ಕಾರಿ ಕಾಗದ ಲಿಂಗತ್ವ ಅಲ್ಪಸಂಖ್ಯಾತರು ಎನ್ನುತ್ತದೆ. ಬಸ್ ನಿಲ್ದಾಣದಲ್ಲಿ ಕಿವಿಗೆ ಬೀಳುವ ಹೆಸರುಗಳನ್ನು ಇಲ್ಲಿ ಬರೆಯಬೇಕಾಗಿಲ್ಲ.

ಇವರು ಎಷ್ಟು ಜನ? ಗಂಡು, ಹೆಣ್ಣು ಅಲ್ಲದೆ ‘ಇತರೆ’ ಎಂದು ಬರೆಸುವ ಅವಕಾಶ ಮೊದಲ ಬಾರಿಗೆ ಸಿಕ್ಕಿದ್ದು 2011ರ ಜನಗಣತಿಯಲ್ಲಿ. ದೇಶದಲ್ಲಿ 4,87,803 ಮಂದಿ, ಕರ್ನಾಟಕದಲ್ಲಿ 20,266 ಮಂದಿ ಹಾಗೆ ದಾಖಲಾದರು. ಮನೆಯ ಯಜಮಾನ ಹೇಳಿದ್ದನ್ನು ಗಣತಿಯವರು ಬರೆದುಕೊಳ್ಳುತ್ತಾರೆ. ಮನೆ ಬಿಟ್ಟುಹೋದ ಮಗನ ಬಗ್ಗೆ ಯಾವ ಯಜಮಾನ ಏನು ಹೇಳಿಯಾನು? ಆ ಸಂಖ್ಯೆಗಿಂತ ನಿಜ ದೊಡ್ಡದಿರುವುದರಲ್ಲಿ ಅನುಮಾನವಿಲ್ಲ.

ಮೊದಲ ರೋಗನಿದಾನ ದೇವಿಯದು

ಈ ಭಾಗದ ಹಳ್ಳಿಯಲ್ಲಿ ಹುಡುಗನೊಬ್ಬ ಹೆಣ್ಣಿನ ನಡೆನುಡಿ ತೋರಿದಾಗ, ತಲೆಯಲ್ಲಿ ಜಡೆ ಕಟ್ಟಿದಾಗ, ಮೈಮೇಲೆ ವಾಸಿಯಾಗದ ಕಜ್ಜಿ ಎದ್ದಾಗ ಮನೆಯವರು ಮೊದಲು ಕೇಳುವುದು ಡಾಕ್ಟರನ್ನಲ್ಲ. ‘ತಾಯಿ ಕಾಡ್ಯಾಳ’ ಎನ್ನುತ್ತಾರೆ. ಎಲ್ಲಮ್ಮನ ಕತೆಯಲ್ಲೇ ರೋಗವಿದೆ: ಗಂಡನ ಶಾಪದಿಂದ ರೇಣುಕೆಯ ಮೈ ಹುಣ್ಣಾಯಿತು, ಎಕ್ಕಯ್ಯ ಜೋಗಯ್ಯರು ಅವಳನ್ನು ಗುಣಪಡಿಸಿದರು. ಕಾಯಿಲೆಯೇ ದೇವಿಯ ಕರೆ ಎಂದಾದ ಮೇಲೆ ಅದಕ್ಕೆ ಮದ್ದು ಮುತ್ತು ಕಟ್ಟುವುದು, ಅಂದರೆ ದೇವಿಗೆ ಅರ್ಪಿಸುವುದು. ಮುತ್ತು ಕಟ್ಟಿ, ಸೀರೆ ಉಡಿಸಿ, ತಲೆ ಮೇಲೆ ಕೊಡ ಹೊರಿಸಿದರೆ ಕಾಡಾಟ ನಿಲ್ಲುತ್ತದೆ ಎಂಬುದು ನಂಬಿಕೆ.

ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ನಮ್ಮ ಪುರಾತನರು ಎಷ್ಟು ಉದಾರಿಗಳಾಗಿದ್ದರು ನೋಡಿ ಎಂದು ಬೀಗುವುದೂ ಅಷ್ಟೇ ಸುಲಭ. ಎರಡೂ ಅರ್ಧ ಮಾತು. ದೇವಿಯ ನಿದಾನ ಆ ಮಗುವಿಗೆ ಸಾಯಲು ಬಿಡದ ಒಂದು ಆಸರೆ ಕೊಟ್ಟಿತು. ಅದರ ಜೊತೆಗೆ ಓದು, ಮನೆ, ಆಸ್ತಿಯ ಪಾಲನ್ನು ಕಿತ್ತುಕೊಂಡಿತು, ಜೋಗ ಬೇಡುವುದೊಂದನ್ನೇ ಕಸುಬಾಗಿ ಬಿಟ್ಟಿತು. ಮಂಜಮ್ಮನವರ ಬದುಕೇ ಇದಕ್ಕೆ ಸಾಕ್ಷಿ. ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಿಕೊಂಡ ಮೇಲೆ ಮನೆಯಲ್ಲಿ ಜಾಗ ಸಿಗದೆ ವಿಷ ಕುಡಿದು ಬದುಕುಳಿದದ್ದು, ಭಿಕ್ಷೆ ಬೇಡಿದ್ದು, ಅತ್ಯಾಚಾರಕ್ಕೆ ಒಳಗಾದದ್ದು, ಎಲ್ಲವನ್ನೂ ಅವರು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಅವರನ್ನು ಎತ್ತಿ ನಿಲ್ಲಿಸಿದ್ದು ಮರಿಯಮ್ಮನಹಳ್ಳಿಯ ಕಾಳವ್ವ ಜೋಗತಿ ಕಲಿಸಿದ ಕುಣಿತ. ಆ ಕುಣಿತವೇ ಅವರನ್ನು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷತೆಯವರೆಗೆ ಒಯ್ದಿತು. ಎಲ್ಲ ಜೋಗತಿಯರಿಗೂ ಒಬ್ಬ ಕಾಳವ್ವ ಸಿಗುವುದಿಲ್ಲ.

ಕಾನೂನಿನ ಕಣ್ಣಿಗೂ ಜೋಗಪ್ಪ ಬಹುಕಾಲ ಬಿದ್ದಿರಲಿಲ್ಲ. ಕರ್ನಾಟಕದ 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆಯ ಪ್ರಕಾರ ದೇವದಾಸಿ ಎಂದರೆ ದೇವರಿಗೆ ಅರ್ಪಿತಳಾದ ಹೆಣ್ಣು. ಅದೇ ಮುತ್ತು ಕೊರಳಲ್ಲಿದ್ದರೂ ಜೋಗಪ್ಪ ಆ ವ್ಯಾಖ್ಯೆಯ ಹೊರಗಿದ್ದರು. ಬೆಂಗಳೂರಿನ ‘ಅನೇಕ’ ಸಂಸ್ಥೆ 2014ರಲ್ಲಿ ಜೋಗಪ್ಪಗಳ ಬಗ್ಗೆಯೇ ಒಂದು ಅಧ್ಯಯನ ವರದಿ ತಂದ ಮೇಲೆ ಅವರ ಪ್ರಶ್ನೆ ಹಿಜ್ರಾಗಳ ಪ್ರಶ್ನೆಗಿಂತ ಎಲ್ಲಿ ಬೇರೆ ಎಂಬ ಚರ್ಚೆಗೆ ಒಂದು ನೆಲೆ ಸಿಕ್ಕಿತು.

ಏಡ್ಸ್ ತೆರೆದ ಬಾಗಿಲು

ಸರ್ಕಾರಿ ಆರೋಗ್ಯ ವ್ಯವಸ್ಥೆ ಈ ಜನರನ್ನು ಹುಡುಕಿಕೊಂಡು ಬಂದದ್ದು ಎಚ್‌ಐವಿ ಕಾರಣಕ್ಕೆ. 2003ರಲ್ಲಿ ಗೇಟ್ಸ್ ಪ್ರತಿಷ್ಠಾನದ ‘ಆವಾಹನ್’ ಕಾರ್ಯಕ್ರಮ ಶುರುವಾಯಿತು. ಕರ್ನಾಟಕದಲ್ಲಿ ಅದನ್ನು ನಡೆಸಿದ ಕೆಎಚ್‌ಪಿಟಿ ಸಂಸ್ಥೆ ಹುಟ್ಟಿದ್ದೂ ಅದೇ ವರ್ಷ. ಗಣಿ, ಹೆದ್ದಾರಿ, ಲಾರಿ, ಗುಳೆ ಎಲ್ಲ ಕೂಡಿದ ಬಳ್ಳಾರಿ ಜಿಲ್ಲೆ ಆ ಕೆಲಸದ ಭೂಪಟದಲ್ಲಿತ್ತು. ಸಮುದಾಯದವರೇ ಪೀರ್ ಎಜುಕೇಟರ್‌ಗಳಾದರು. ಕಾಂಡೋಮ್ ಹಂಚಿದರು, ಗೆಳತಿಯರನ್ನು ರಕ್ತಪರೀಕ್ಷೆಗೆ ಆಸ್ಪತ್ರೆಯ ಎಚ್‌ಐವಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಕ್ಕೆ (ಐಸಿಟಿಸಿ) ಕರೆತಂದರು, ಎಚ್‌ಐವಿ ಚಿಕಿತ್ಸೆಯ ಎಆರ್‌ಟಿ ಮಾತ್ರೆ ತಪ್ಪದಂತೆ ನೋಡಿಕೊಂಡರು. ಅನೇಕರಿಗೆ ಸರ್ಕಾರಿ ಆಸ್ಪತ್ರೆಯ ಒಳಗೆ ಪರಿಚಯದ ಮುಖ ಎಂದು ಇದ್ದದ್ದು ಐಸಿಟಿಸಿಯ ಆಪ್ತಸಮಾಲೋಚಕರದ್ದು ಮಾತ್ರ.

ಆ ಕೆಲಸ ಬೇಕಿತ್ತು, ಈಗಲೂ ಬೇಕು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ 2021ರ ಅಂಕಿಗಳಂತೆ ದೇಶದ ವಯಸ್ಕರಲ್ಲಿ ಎಚ್‌ಐವಿ ಪ್ರಮಾಣ ಶೇ 0.21. ಹಿಜ್ರಾ ಮತ್ತು ಟ್ರಾನ್ಸ್‌ಜೆಂಡರ್ ಸಮುದಾಯದಲ್ಲಿ ಅದು ಶೇ 3.78, ಅಂದರೆ ಸುಮಾರು 18 ಪಟ್ಟು. ಆದರೆ ಆ ಬಾಗಿಲಿಗೆ ಒಂದು ದೋಷವಿತ್ತು. ಅದು ಅವರ ದೇಹದ ಒಂದು ಭಾಗಕ್ಕಷ್ಟೇ ತೆರೆದಿತ್ತು. ಸಕ್ಕರೆ ಕಾಯಿಲೆ, ಬಿಪಿ, ಹಲ್ಲುನೋವು, ಮಂಡಿನೋವು, ನಿದ್ದೆ ಬಾರದ ರಾತ್ರಿ ಯಾವುದೂ ಆ ಕಾರ್ಯಕ್ರಮದ ಫಾರ್ಮಿನಲ್ಲಿ ಇರಲಿಲ್ಲ. ಇನ್ನೊಂದು ಕೆಡುಕು ಹೊರಗಿನಿಂದ ಬಂತು. ಸೀರೆ ಉಟ್ಟ ಇವರು ಆಸ್ಪತ್ರೆಗೆ ಕಾಲಿಟ್ಟರೆ ‘ಆ ಕಾಯಿಲೆ’ಗೇ ಬಂದಿರಬೇಕು ಎಂಬ ಊಹೆ ಊರವರಲ್ಲೂ ಸಿಬ್ಬಂದಿಯಲ್ಲೂ ಬೇರೂರಿತು. ಕೆಮ್ಮಿಗೆ ಬಂದವರನ್ನೂ ಮೊದಲು ರಕ್ತಪರೀಕ್ಷೆಗೆ ಅಟ್ಟುವುದು ಅದರ ಫಲ. ಒಪ್ಪಿಗೆಯಿಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ, ಎಚ್‌ಐವಿ ಇದೆಯೆಂದು ಚಿಕಿತ್ಸೆ ನಿರಾಕರಿಸುವಂತಿಲ್ಲ ಎಂದು 2017ರ ಎಚ್‌ಐವಿ ಕಾಯ್ದೆ ಹೇಳುತ್ತದೆ. ಅದು 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ.

ಕೌಂಟರಿನ ಮುಂದೆ

ಯಾವುದಾದರೂ ತಾಲ್ಲೂಕು ಆಸ್ಪತ್ರೆಯ ಸೋಮವಾರದ ಬೆಳಗನ್ನು ಕಣ್ಣ ಮುಂದೆ ತಂದುಕೊಳ್ಳಿ. ಚೀಟಿ ಕೌಂಟರಿಗೆ ಎರಡು ಸಾಲು. ಹೆಂಗಸರ ಸಾಲಿನಲ್ಲಿ ನಿಂತರೆ ಮುಂದಿನವಳು ಕೂಸನ್ನು ಆ ಕಂಕುಳಿಗೆ ಬದಲಿಸಿ ಒಂದು ಹೆಜ್ಜೆ ಸರಿಯುತ್ತಾಳೆ. ಗಂಡಸರ ಸಾಲಿನಲ್ಲಿ ನಿಂತರೆ ಹಿಂದಿನವನು ಒಂದು ಹೆಜ್ಜೆ ಹತ್ತಿರ ಬರುತ್ತಾನೆ. ಕಿಂಡಿಯ ಬಳಿ ಬಂದಾಗ ಆಧಾರ್ ಕಾರ್ಡಿನಲ್ಲಿ ಒಂದು ಹೆಸರು, ಎದುರಿಗೆ ಬೇರೊಂದು ಮುಖ. ಚೀಟಿ ಬರೆಯುವವರು ತಲೆಯೆತ್ತಿ ನೋಡಿ ಪಕ್ಕದವರನ್ನು ಕರೆಯುತ್ತಾರೆ. ಐದು ರೂಪಾಯಿಯ ಕೆಲಸ ಐದು ಜನರ ನೋಟವಾಗುತ್ತದೆ. ಆಮೇಲೆ ಒಪಿಡಿ ಬಾಗಿಲಲ್ಲಿ ಅಪ್ಪ ಇಟ್ಟ ಗಂಡು ಹೆಸರನ್ನು ಗಟ್ಟಿಯಾಗಿ ಕೂಗುತ್ತಾರೆ. ಆ ಹೆಸರಿಗೆ ಓಗೊಟ್ಟು ಸೀರೆಯುಟ್ಟವಳು ಏಳಬೇಕು. ಬೆಂಚಿನ ತುಂಬಾ ಕುಳಿತವರು ತಿರುಗಿ ನೋಡುತ್ತಾರೆ. ಎಷ್ಟೋ ಜನ ಏಳುವುದಿಲ್ಲ. ಚೀಟಿ ಮಡಚಿ ಕುಬುಸಕ್ಕೆ ಸಿಕ್ಕಿಸಿಕೊಂಡು ಮೆಡಿಕಲ್ ಶಾಪಿನ ದಾರಿ ಹಿಡಿಯುತ್ತಾರೆ.

ಇಷ್ಟರಲ್ಲಿ ಯಾರೂ ಅವರನ್ನು ಬೈದಿಲ್ಲ, ಚಿಕಿತ್ಸೆ ಕೊಡುವುದಿಲ್ಲ ಎಂದು ಡಾಕ್ಟರು ಹೇಳಿಯೂ ಇಲ್ಲ. ಡಾಕ್ಟರು ಅವರನ್ನು ನೋಡಿಯೇ ಇಲ್ಲ! ತಾರತಮ್ಯ ಎಂದಾಗ ನಾವು ಬಾಗಿಲು ಮುಚ್ಚಿದ ವೈದ್ಯನನ್ನು ಕಲ್ಪಿಸಿಕೊಳ್ಳುತ್ತೇವೆ. ಬಹಳ ಸಲ ಅದು ಆ ಬಾಗಿಲಿಗಿಂತ ನಲವತ್ತು ಹೆಜ್ಜೆ ಮುಂಚೆಯೇ ಮುಗಿದಿರುತ್ತದೆ. ದಾಖಲಾಗಬೇಕಾದರಂತೂ ಹೊಸ ಪ್ರಶ್ನೆ: ಯಾವ ವಾರ್ಡು? ಹೆಂಗಸರ ವಾರ್ಡಿನಲ್ಲಿ ಉಳಿದ ರೋಗಿಗಳ ಕಡೆಯವರು ತಕರಾರು ತೆಗೆಯುತ್ತಾರೆ, ಗಂಡಸರ ವಾರ್ಡಿನಲ್ಲಿ ರಾತ್ರಿಯ ಭಯ. ಕೊನೆಗೆ ಸಿಗುವುದು ವರಾಂಡದ ಹಾಸಿಗೆ. ಜೊತೆಗಿರಲು ‘ಸಂಬಂಧಿ’ ಯಾರು, ಆಪರೇಷನ್ ಒಪ್ಪಿಗೆಗೆ ಸಹಿ ಯಾರದು ಎಂದು ಕೇಳಿದರೆ ಗುರುವೂ ಚೇಲಾಳೂ ಆ ಫಾರ್ಮಿನ ಯಾವ ಕಲಮಿನಲ್ಲೂ ಕೂರುವುದಿಲ್ಲ.

ಚಿಕಿತ್ಸೆ ತಡವಾಗುವುದಕ್ಕೆ ದೂರವೂ ಕಾರಣ. ತಜ್ಞರು ಬೇಕೆಂದರೆ ಹರಪನಹಳ್ಳಿಯವರು ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಕಡೆ ಮುಖ ಮಾಡುತ್ತಾರೆ. ಚಿಗಟೇರಿ ಎಂಬುದು ಅವರದೇ ತಾಲ್ಲೂಕಿನ ಊರಿನ ಹೆಸರೂ ಹೌದು. ಕೂಡ್ಲಿಗಿ, ಕೊಟ್ಟೂರಿನವರು ಹೊಸಪೇಟೆಗೆ, ಅಲ್ಲಿಂದ ಬಳ್ಳಾರಿಗೆ ಹೋಗುತ್ತಾರೆ. ಇವತ್ತಿಗೂ ಜನ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ವೈದ್ಯಕೀಯ ಕಾಲೇಜು ಹುಟ್ಟಿದ್ದು 1961ರಲ್ಲಿ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಬಸ್ಸನ್ನು ಉಚಿತ ಮಾಡಿದ್ದರಿಂದ ಟಿಕೆಟ್ಟಿನ ಭಾರ ಇಳಿದಿದೆ. ಆದರೆ ಗುರುತಿನ ಚೀಟಿಯಲ್ಲಿ ‘ಗಂಡು’ ಎಂದಿದ್ದವರು ಕಂಡಕ್ಟರಿಗೆ ಏನು ತೋರಿಸಬೇಕು?

ದೇಹದ ಕತೆ

ಈ ಸಮುದಾಯದ ಕಾಯಿಲೆಗಳಲ್ಲಿ ಹೆಚ್ಚಿನವು ಎಲ್ಲರಿಗೂ ಬರುವಂಥವೇ. ಕೆಲವು ಮಾತ್ರ ಬೇರೆ. ಅವನ್ನು ಹೇಳದೆ ಚರ್ಚೆ ಪೂರ್ಣವಾಗದು.

ಹಿಜ್ರಾ ಪರಂಪರೆಯಲ್ಲಿ ‘ನಿರ್ವಾಣ’ ಎಂದರೆ ಅಂಗಚ್ಛೇದ. ಹಿಂದೆ ದಾಯಮ್ಮಂದಿರು ಅರಿವಳಿಕೆಯಿಲ್ಲದೆ ಮಾಡುತ್ತಿದ್ದರು. ಹಳೆಯ ದಂಡಸಂಹಿತೆಯ 320ನೇ ಕಲಮು ಪುರುಷತ್ವ ಹರಣವನ್ನು ಘೋರ ಗಾಯಗಳ ಪಟ್ಟಿಯ ಮೊದಲಲ್ಲೇ ಇಟ್ಟಿದ್ದರಿಂದ ವೈದ್ಯರೂ ಅಳುಕುತ್ತಿದ್ದರು. ಆ ಸಂದಿಯಲ್ಲಿ ಕದ್ದುಮುಚ್ಚಿ ಕತ್ತರಿಸುವ ಕ್ಲಿನಿಕ್ಕುಗಳು ಬೆಳೆದವು. ಜೋಗಪ್ಪಗಳ ಸಂಪ್ರದಾಯದಲ್ಲಿ ನಿರ್ವಾಣ ಕಡ್ಡಾಯವಲ್ಲ. ಆದರೂ ಬೆಂಗಳೂರು, ಮುಂಬೈ ಕಂಡು ಬಂದ ಕಿರಿಯರಲ್ಲಿ ಆ ಬಯಕೆ ಸಹಜವಾಗಿದೆ. ಕೆಟ್ಟದಾಗಿ ಮಾಡಿದ ಶಸ್ತ್ರಕ್ರಿಯೆಯ ನಂತರ ಮೂತ್ರದ್ವಾರ ಕಿರಿದಾಗಿ ಹನಿಹನಿಯಾಗಿ ಹೋಗುವುದು, ಮತ್ತೆಮತ್ತೆ ಸೋಂಕಾಗುವುದು ಸಾಮಾನ್ಯ. ವೃಷಣ ತೆಗೆದ ಮೇಲೆ ಹಾರ್ಮೋನ್ ಸಿಗದಿದ್ದರೆ ಮೂಳೆ ಸವೆಯುತ್ತದೆ. ಶಸ್ತ್ರಕ್ರಿಯೆಯಾದರೂ ಪ್ರಾಸ್ಟೇಟ್ ಗ್ರಂಥಿ ಒಳಗೆ ಉಳಿದೇ ಇರುತ್ತದೆ. ವಯಸ್ಸಾದಾಗ ಅದು ಕಾಟ ಕೊಡಬಹುದು ಎಂಬುದು ರೋಗಿಗೂ ಗೊತ್ತಿಲ್ಲ, ಚೀಟಿಯಲ್ಲಿ ‘ಹೆಣ್ಣು’ ಎಂದು ನೋಡಿದ ವೈದ್ಯರಿಗೂ ಹೊಳೆಯುವುದಿಲ್ಲ.

ಇನ್ನು ಹಾರ್ಮೋನು. ವೈದ್ಯರ ಬಳಿ ಕೇಳಲು ನಾಚಿಕೆ, ಕೇಳಿದರೂ ಗೊತ್ತಿರುವವರು ಕಡಿಮೆ. ಹಾಗಾಗಿ ಗೆಳತಿ ಹೇಳಿದಂತೆ ಗರ್ಭನಿರೋಧಕ ಗುಳಿಗೆಯನ್ನು ದಿನಕ್ಕೆ ಎರಡು ಮೂರು ನುಂಗುವುದು ರೂಢಿ. ಇದರಿಂದ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ, ಬೀಡಿ ಸಿಗರೇಟಿನ ಚಟವಿದ್ದರೆ ಅದು ಇನ್ನೂ ಹೆಚ್ಚು. ಹಾರ್ಮೋನಿಗೆ ತೊಂದರೆಯಾದೀತೆಂದು ಹೆದರಿ ಎಆರ್‌ಟಿ ಮಾತ್ರೆ ಬಿಡುವವರಿದ್ದಾರೆ. ವೈದ್ಯರ ನಿಗಾದಲ್ಲಿ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬಹುದು ಎಂದು ಹೇಳುವ ಒಂದು ಬಾಯಿ ಇದ್ದಿದ್ದರೆ ಜೀವ ಉಳಿಯುತ್ತಿತ್ತು. ಸಂತೆ, ಬಸ್ ನಿಲ್ದಾಣದ ಶೌಚಾಲಯಕ್ಕೆ ಹೋಗಲಾಗದೆ ದಿನವಿಡೀ ಮೂತ್ರ ತಡೆದು, ಅದಕ್ಕೆಂದೇ ನೀರು ಕುಡಿಯದೆ ಬರುವ ಉರಿಮೂತ್ರವಂತೂ ಮಾತ್ರೆಯಿಂದಷ್ಟೇ ವಾಸಿಯಾಗುವ ಕಾಯಿಲೆಯಲ್ಲ.

ಕಾಗದದ ಮೇಲಿನ ಹಕ್ಕು

2014ರ ಏಪ್ರಿಲ್ 15ರಂದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ (ನಾಲ್ಸಾ) ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಎ.ಕೆ. ಸಿಕ್ರಿ ಅವರು ಲಿಂಗ ಗುರುತನ್ನು ತಾನೇ ಹೇಳಿಕೊಳ್ಳುವುದು ವ್ಯಕ್ತಿಯ ಹಕ್ಕು ಎಂದರು. ಆಸ್ಪತ್ರೆಯಲ್ಲಿ ಚಿಕಿತ್ಸೆ, ಪ್ರತ್ಯೇಕ ಶೌಚಾಲಯ ಒದಗಿಸಿ ಎಂದು ಸರ್ಕಾರಗಳಿಗೆ ಹೇಳಿದರು. 2017ರಲ್ಲಿ ಕರ್ನಾಟಕ ತನ್ನದೇ ನೀತಿ ತಂದಿತು. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆಗೆ ಸಂಸತ್ತು ತಂದ 2019ರ ಕಾಯ್ದೆ 2020ರ ಜನವರಿ 10ರಿಂದ ಜಾರಿಗೆ ಬಂತು. ಅದರ ವ್ಯಾಖ್ಯೆಯಲ್ಲಿ ಕಿನ್ನರ್, ಹಿಜ್ರಾ, ಅರವಾಣಿಗಳ ಜೊತೆ ‘ಜೋಗ್ತಾ’ ಎಂಬ ಪದವೂ ಇದೆ. ದೇವದಾಸಿ ಕಾಯ್ದೆಯಿಂದ ಹೊರಗುಳಿದವರು ಈ ಕಾಯ್ದೆಯಲ್ಲಿ ಹೆಸರು ಹಿಡಿದು ಒಳಬಂದರು. ಹಾರ್ಮೋನ್ ಚಿಕಿತ್ಸೆ, ಶಸ್ತ್ರಚಿಕಿತ್ಸೆ, ಅದರ ಹಿಂದುಮುಂದಿನ ಆಪ್ತಸಮಾಲೋಚನೆ, ವೈದ್ಯಕೀಯ ಪಠ್ಯದ ಪರಿಷ್ಕರಣೆ, ಆರೋಗ್ಯ ವಿಮೆ ಎಲ್ಲವನ್ನೂ 15ನೇ ಕಲಮು ಸರ್ಕಾರದ ಹೊಣೆ ಮಾಡಿತು.

2022ರಲ್ಲಿ ಆಯುಷ್ಮಾನ್ ಭಾರತದ ಅಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಟಿಜಿ ಪ್ಲಸ್ ಯೋಜನೆಯೂ ಬಂತು. ಅದರ ಕೀಲಿಕೈ ಜಿಲ್ಲಾಧಿಕಾರಿ ಕೊಡುವ ಗುರುತಿನ ಪ್ರಮಾಣಪತ್ರ. ಅರ್ಜಿ ಆನ್‌ಲೈನ್, ಜೊತೆಗೆ ಅಫಿಡವಿಟ್ಟು. ಶಾಲೆಯನ್ನು ಅರ್ಧಕ್ಕೆ ಬಿಟ್ಟವರು ಮನೆಯಿಂದ ಹೊರಬಿದ್ದಾಗ ಕಾಗದಪತ್ರ ಕೈಯಲ್ಲಿ ಹಿಡಿದುಕೊಂಡು ಬಂದವರಲ್ಲ. ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆ ರೇಷನ್ ಕಾರ್ಡನ್ನು ನೋಡುತ್ತದೆ. ಇವರ ಹೆಸರಿರುವುದು ತವರಿನ ಕಾರ್ಡಿನಲ್ಲಿ, ಅದೂ ಗಂಡು ಹೆಸರಿನಲ್ಲಿ. ಸೌಲಭ್ಯ ಬೇಕಾದರೆ ಹೊರಹಾಕಿದ ಮನೆಯ ಬಾಗಿಲನ್ನೇ ತಟ್ಟಬೇಕು.

2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಲಿಂಗತ್ವ ಅಲ್ಪಸಂಖ್ಯಾತರ ಸಮೀಕ್ಷೆಗೆ ಕೈಹಾಕಿದಾಗ ಅದಕ್ಕೆ ಆರಿಸಿಕೊಂಡ ಸ್ಥಳಗಳು ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳು. ಕಾಯಿಲೆಗೆ ಹೋಗಲು ಹಿಂಜರಿಯುವವರನ್ನು ಲೆಕ್ಕಕ್ಕೆಂದು ಅಲ್ಲಿಗೇ ಕರೆದದ್ದು ವಿಚಿತ್ರವಾಗಿ ಕಾಣುತ್ತದೆ. ಹಾಗೆ ಬಂದವರ ಬಿಪಿ, ಸಕ್ಕರೆಯನ್ನೂ ಅದೇ ದಿನ ನೋಡಿ ಕಳಿಸಿದರೆ ಅದೇ ಒಂದು ಆರಂಭವಾದೀತು.

ವೈದ್ಯರು ಓದಿದ್ದೇನು?

ತಪ್ಪನ್ನೆಲ್ಲ ತಾಲ್ಲೂಕಿನ ವೈದ್ಯರ ತಲೆಗೆ ಕಟ್ಟುವುದು ಅನ್ಯಾಯ. ಅವರು ಓದಿದ ಪುಸ್ತಕದಲ್ಲಿ ಹುಟ್ಟಿನ ಲಿಂಗಕ್ಕೆ ಹೊಂದದ ಗುರುತು ಮನೋರೋಗ ಅಥವಾ ಅಪರಾಧ ಎಂದಿತ್ತು. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಪಟ್ಟಿಯ ಹನ್ನೊಂದನೇ ಆವೃತ್ತಿಯಲ್ಲಿ ಇದನ್ನು ಮಾನಸಿಕ ಕಾಯಿಲೆಗಳಿಂದ ಹೊರತೆಗೆಯಿತು. ಅದು ಜಾರಿಗೆ ಬಂದದ್ದು 2022ರ ಜನವರಿಯಲ್ಲಿ. ನಮ್ಮಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ 2021ರಲ್ಲಿ ಕೊಟ್ಟ ಆದೇಶದ ಒತ್ತಡದಿಂದ ರಾಷ್ಟ್ರೀಯ ವೈದ್ಯಕೀಯ ಆಯೋಗ ಪಠ್ಯ ತಿದ್ದುವ ಮಾತಾಡಿತು, ‘ಬದಲಾಯಿಸುವ ಚಿಕಿತ್ಸೆ’ ವೃತ್ತಿದ್ರೋಹ ಎಂದಿತು. ಆದರೂ 2024ರಲ್ಲಿ ವಿಧಿವಿಜ್ಞಾನದ ಪಠ್ಯಕ್ರಮದಲ್ಲಿ ಹಳೆಯ ‘ಅಸ್ವಾಭಾವಿಕ ಅಪರಾಧ’ಗಳು ಮತ್ತೆ ನುಸುಳಿದವು. ಗದ್ದಲವೆದ್ದ ಮೇಲೆ ಆಯೋಗ ಅದನ್ನು ಹಿಂತೆಗೆದುಕೊಂಡಿತು.

ನೆರೆಯವರಿಂದ ಕಲಿಯುವುದೂ ಇದೆ. ತಮಿಳುನಾಡು 2008ರಲ್ಲೇ ಕಲ್ಯಾಣ ಮಂಡಳಿ ರಚಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಶಸ್ತ್ರಚಿಕಿತ್ಸೆಗೆ ದಾರಿ ಮಾಡಿತು. ಹೈದರಾಬಾದಿನಲ್ಲಿ 2021ರಲ್ಲಿ ತೆರೆದ ‘ಮಿತ್ರ್’ ಕ್ಲಿನಿಕ್ ಸಮುದಾಯದವರೇ ನಡೆಸುವ, ಜ್ವರದಿಂದ ಹಾರ್ಮೋನಿನವರೆಗೆ ಎಲ್ಲವೂ ಒಂದೇ ಕಡೆ ಸಿಗುವ ಮಾದರಿಯಾಯಿತು. 2025ರ ಆರಂಭದಲ್ಲಿ ಅಮೆರಿಕದ ನೆರವು ನಿಂತದ್ದೇ ಅದು ಬಾಗಿಲು ಹಾಕಬೇಕಾಯಿತು. ಅದನ್ನು ಮತ್ತೆ ತೆರೆಯಲು ದೇಣಿಗೆದಾರರನ್ನು ಹುಡುಕಬೇಕಾಯಿತು. ಆವಾಹನ್‌ನ ಕಾಲ ಕಂಡ ಬಳ್ಳಾರಿಯವರಿಗೆ ಈ ಪಾಠ ಹೊಸದಲ್ಲ: ಹೊರಗಿನ ದುಡ್ಡಿನ ಕ್ಲಿನಿಕ್ ಹೊರಗಿನವರ ಮನಸ್ಸಿನಂತೆ ನಡೆಯುತ್ತದೆ.

ಐದು ತಾಲ್ಲೂಕಿಗೆ ಆಗಬೇಕಾದ್ದು

ಹಾಗಾಗಿ ಈ ಊರುಗಳಿಗೆ ಪ್ರತ್ಯೇಕ ಕ್ಲಿನಿಕ್ಕಿಗಿಂತ ಇರುವ ಆಸ್ಪತ್ರೆಯನ್ನೇ ಸರಿಮಾಡಿಕೊಳ್ಳುವುದು ಮೇಲು. ಅದಕ್ಕೆ ಬೇಕಾದ್ದರಲ್ಲಿ ಅರ್ಧದಷ್ಟಕ್ಕೆ ದುಡ್ಡು ಬೇಡ. ಚೀಟಿಯಲ್ಲಿ ಕರೆಯುವ ಹೆಸರಿಗೊಂದು ಜಾಗ. ಹೆಸರಿನ ಬದಲು ಟೋಕನ್ ಸಂಖ್ಯೆ ಕೂಗುವುದು, ಇದು ಎಲ್ಲ ರೋಗಿಗಳ ಗುಟ್ಟನ್ನೂ ಕಾಪಾಡುತ್ತದೆ. ಒಬ್ಬರೂ ವರಾಂಡದಲ್ಲಿ ಮಲಗದಂತೆ ವಾರ್ಡಿನ ಬಗ್ಗೆ ಬರವಣಿಗೆಯಲ್ಲಿ ಒಂದು ನಿಯಮ. ಗುರುವೋ ಗೆಳತಿಯೋ ಜೊತೆಗಿರಲು, ಸಹಿ ಹಾಕಲು ಅವಕಾಶ. ಇಷ್ಟನ್ನು ಒಂದು ಸುತ್ತೋಲೆಯಿಂದ ಮಾಡಬಹುದು. ಆಮೇಲಿನ ಅರ್ಧಕ್ಕೆ ಶ್ರಮ ಬೇಕು. ಹಾರ್ಮೋನ್ ತಜ್ಞರು ತಾಲ್ಲೂಕಿಗೆ ಬರಲಾಗದಿದ್ದರೆ ದೂರವೈದ್ಯ ಸೇವೆಯಾದ ಇ-ಸಂಜೀವನಿ ಮೂಲಕ ವಾರಕ್ಕೊಂದು ಮಧ್ಯಾಹ್ನ, ಡಿ ಗ್ರೂಪ್ ನೌಕರರಿಂದ ವೈದ್ಯರವರೆಗೆ ತರಬೇತಿ, ಅದನ್ನು ಕೊಡಲು ಸಮುದಾಯದವರೇ. ಐಸಿಟಿಸಿಯಲ್ಲಿ ಇಪ್ಪತ್ತು ವರ್ಷದಿಂದ ಗಳಿಸಿದ ಪರಿಚಯವನ್ನು ಬಿಪಿ, ಸಕ್ಕರೆ, ಮನಸ್ಸಿನ ಕಾಯಿಲೆಗಳ ಕಡೆಗೂ ಹರಿಸುವುದು.

ಜಾತ್ರೆಯೂ ಒಂದು ಅವಕಾಶ. ಭರತ ಹುಣ್ಣಿಮೆಗೆ ಉಚ್ಚಂಗಿದುರ್ಗದಲ್ಲಿ ಮುತ್ತು ಕಟ್ಟುವುದನ್ನು ತಡೆಯಲು ಅಧಿಕಾರಿಗಳು ಕಾವಲು ಕೂರುತ್ತಾರೆ, ಕೂರಬೇಕು ಕೂಡ. ಅದೇ ಗುಡ್ಡದ ಬುಡದಲ್ಲಿ ಆರೋಗ್ಯ ಇಲಾಖೆಯ ಒಂದು ಶಾಮಿಯಾನವೂ ಇರಲಿ. ನಿನಗೆ ತಾಯಿ ಕಾಡಿಲ್ಲ, ನೀನು ಹೀಗೆ ಹುಟ್ಟಿದವಳು, ಶಾಲೆ ಬಿಡಬೇಡ ಎಂದು ಹದಿನಾಲ್ಕರ ಮಗುವಿಗೂ ಅದರ ಅಪ್ಪ ಅಮ್ಮನಿಗೂ ಹೇಳಬಲ್ಲ ಒಬ್ಬ ಆಪ್ತಸಮಾಲೋಚಕರು ಅಲ್ಲಿ ಕುಳಿತಿರಲಿ.

ನಮ್ಮ ಹಳ್ಳಿಗಳಲ್ಲಿ ಜೋಗಮ್ಮ ಬಾಗಿಲಿಗೆ ಬಂದಾಗ ಅವಳ ಊರು, ಜಾತಿ, ಅಪ್ಪ ಇಟ್ಟ ಹೆಸರು ಯಾವುದನ್ನೂ ಯಾರೂ ಕೇಳುವುದಿಲ್ಲ. ‘ಬಾರವ್ವ’ ಎಂದು ಕರೆದು ಮೊರದಲ್ಲಿ ಜೋಳ ತರುತ್ತಾರೆ. ಸೋಮವಾರ ಬೆಳಗ್ಗೆ ಚೀಟಿ ಕೌಂಟರಿನ ಕಿಂಡಿಯಿಂದಲೂ ಅದೇ ಮಾತು ಬಂದರೆ ಸಾಕು. ಭಂಡಾರ ಹಚ್ಚಿಸಿಕೊಂಡ ಹಣೆಗಳು ಅದೇ ಸಾಲಿನಲ್ಲಿ, ಅವಳ ಹಿಂದೆಯೇ ನಿಂತಿರುತ್ತವೆ.